ಒಬ್ಬ ವಕೀಲರ ನೂರಾ ಮೂರು ವರ್ಷ

ಬೆಂಜಮಿನ್ ಫೆರೆಂಜ್ ಎಂಬ ವಕೀಲರು ೨೦೨೩ರ ಏಪ್ರಿಲ್ ೭ರಂದು ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ನೂರಾ ಮೂರು ವರ್ಷ ತುಂಬಿ ತೀರಿಕೊಂಡರು. ಆಗ ಈ ಪುಟದಲ್ಲಿ ಅವರನ್ನು ಕುರಿತು ನಾವು ಒಂದಕ್ಷರವನ್ನೂ ಬರೆಯಲಿಲ್ಲ. ದೂರದ ದೇಶದವರು, ಅದೂ ಅಮೆರಿಕದ ಸೈನ್ಯದ ಉಡುಪು ತೊಟ್ಟಿದ್ದವರು, ನಮ್ಮ ಕಾಮಗಾರ ಬಂಧುಗಳಿಗೂ ಪೇಟೆಯ ಚಿಕ್ಕ ವ್ಯಾಪಾರಿಗಳಿಗೂ ಅವರಿಂದ ಏನಾಗಬೇಕು ಎಂದು ಸುಮ್ಮನಾದೆವು. ಹಾಗೆ ಸುಮ್ಮನಾದದ್ದು ತಪ್ಪಾಯಿತೆಂದು ಈಗ ಅನ್ನಿಸುತ್ತಿದೆ. ಅದಕ್ಕೆ ಕಾರಣವನ್ನು ಮೊದಲು ಹೇಳಿಬಿಡುತ್ತೇವೆ.

ನಮ್ಮ ಭಾಗದ ಒಂದು ನೂಲಿನ ಗಿರಣಿ ಬಾಗಿಲು ಹಾಕಿದ್ದು, ಅಲ್ಲಿಯ ಕಾಮಗಾರರು ಬಾಕಿ ಪಗಾರಕ್ಕಾಗಿಯೂ ಗ್ರಾಚುಯಿಟಿಗಾಗಿಯೂ ಅಲೆಯುತ್ತಿರುವುದು ವಾಚಕರಿಗೆ ಗೊತ್ತಿದೆ. ಗಿರಣಿಯ ಹೆಸರು ಇಲ್ಲಿ ಬೇಡ. ಅವರಲ್ಲಿ ಒಬ್ಬ ಹಿರಿಯರು ಮೊನ್ನೆ ನಮ್ಮ ಕಚೇರಿಗೆ ಬಂದು ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ಬೆಂಚಿನ ತುದಿಗೆ ಕುಳಿತು ಹೇಳಿದರು: "ಮಾಸ್ತರ್ರೇ, ಹದಿನೆಂಟು ವರ್ಷ ಅದೇ ಮಶೀನಿನ ಮುಂದ ನಿಂತೇನ್ರಿ. ಈಗ ನೀ ನಮ್ಮ ಮನಿಶ್ಯಾನೇ ಅಲ್ಲ, ಗುತ್ತಿಗೆದಾರನ ಮನಿಶ್ಯಾ ಅಂತಾರ. ಆ ಗುತ್ತಿಗೆದಾರ ಅನ್ನಾಂವ ಸತ್ತು ನಾಕು ವರ್ಷಾತು. ನಾ ಯಾರನ್ನ ಕೇಳಲಿ?"

ಈ ಮಾತನ್ನು ಕೇಳಿದ ರಾತ್ರಿ ನಮಗೆ ಫೆರೆಂಜರ ನೆನಪಾಯಿತು. ಯಾಕೆಂದರೆ ಇದೇ ವಾದವನ್ನು, ನಮ್ಮ ಗಿರಣಿಗಿಂತ ನೂರಾರು ಪಟ್ಟು ದೊಡ್ಡ ಕಾರಖಾನೆಗಳ ಧಣಿಗಳು ಜರ್ಮನಿಯಲ್ಲಿ ಹೂಡಿದ್ದರು. "ಆ ಆಳುಗಳು ನಮ್ಮವರಲ್ಲ, ಸರಕಾರ ಕಳುಹಿಸಿದವರು, ನಾವು ಕೊಡಬೇಕಾದುದನ್ನು ಸರಕಾರಕ್ಕೆ ಕೊಟ್ಟಾಯಿತು" ಎಂಬುದು ಅವರ ವಾದ. ಅದರೆದುರು ವರ್ಷಗಟ್ಟಲೆ ನಿಂತವರಲ್ಲಿ ಈ ವಕೀಲರು ಮುಖ್ಯರು. ಎರಡೂ ಒಂದೇ ಎಂದು ನಾವು ಹೇಳುತ್ತಿಲ್ಲ. ಅಲ್ಲಿ ಹೋದದ್ದು ಜೀವ, ಇಲ್ಲಿ ಹೋಗುತ್ತಿರುವುದು ಮುಪ್ಪಿನ ಅನ್ನ. ಆದರೆ ವಾದದ ಧಾಟಿ ಮಾತ್ರ ಒಂದೇ.

ಫೆರೆಂಜರು ಹುಟ್ಟಿದ್ದು ೧೯೨೦ರ ಮಾರ್ಚ್ ೧೧ರಂದು, ಟ್ರಾನ್ಸಿಲ್ವೇನಿಯಾದ ಒಂದು ಹಳ್ಳಿಯ ಬಡ ಯಹೂದಿ ಕುಟುಂಬದಲ್ಲಿ. ಆ ಸೀಮೆ ಮೊದಲನೆಯ ಮಹಾಯುದ್ಧದ ನಂತರ ಹಂಗೇರಿಯ ಕೈಯಿಂದ ರುಮಾನಿಯದ ಕೈಗೆ ಹೋಗಿತ್ತು. ಬಾವುಟ ಬದಲಾದರೂ ಯಹೂದಿಗಳ ಮೇಲಿನ ದ್ವೇಷ ಬದಲಾಗಲಿಲ್ಲ. ಮಗುವಿಗೆ ಇನ್ನೂ ವರ್ಷ ತುಂಬುವ ಮೊದಲೇ ತಂದೆತಾಯಿಗಳು ಹಡಗಿನ ಅತಿ ಕಡಿಮೆ ದರದ ಜಾಗದಲ್ಲಿ ಚಳಿಯಲ್ಲಿ ನಡುಗುತ್ತ ನ್ಯೂಯಾರ್ಕು ಸೇರಿದರು. ತಂದೆ ಬೂಟು ಹೊಲಿಯುವವರು. ಹೊಲಿಗೆಯ ಸಾಮಾನುಗಳನ್ನು ಊರಿಂದ ಹೊತ್ತೇ ತಂದಿದ್ದರಂತೆ. ಆದರೆ ಯಂತ್ರದ ಬೂಟುಗಳ ಊರಿನಲ್ಲಿ ಕೈಹೊಲಿಗೆಯವನನ್ನು ಕೇಳುವವರು ಯಾರು? ಕೊನೆಗೆ ಬಾಡಿಗೆ ಮನೆಗಳ ಕಟ್ಟಡವೊಂದರಲ್ಲಿ ಕಸ ಬಳಿದು ಕಾವಲು ನೋಡಿಕೊಳ್ಳುವ ಕೆಲಸ ಸಿಕ್ಕಿತು. ವಸತಿಗೆ ಅದೇ ಕಟ್ಟಡದ ನೆಲಮಾಳಿಗೆ. ಕಳ್ಳತನ, ಕುಡಿತ, ಗುಂಪು ಹೊಡೆದಾಟಗಳಿಗೆ ಹೆಸರಾದ ಓಣಿ ಅದು. ಕಾಯದೆಯ ಮೇಲಿನ ಆಸಕ್ತಿ ತಮಗೆ ಹುಟ್ಟಿದ್ದು ಆ ಓಣಿಯಲ್ಲೇ ಎಂದು ಅವರು ಮುಂದೆ ಹೇಳುತ್ತಿದ್ದರು.

ಬಡವರ ಮಕ್ಕಳಿಗೆ ಫೀ ಇಲ್ಲದ ಸರಕಾರಿ ಕಾಲೇಜಿನಲ್ಲಿ ಓದಿ, ವಿದ್ಯಾರ್ಥಿವೇತನದ ಬಲದಿಂದ ಹಾರ್ವರ್ಡಿನ ಕಾಯದೆ ಕಾಲೇಜು ಸೇರಿ, ೧೯೪೩ರಲ್ಲಿ ವಕೀಲರಾದರು. ಅಲ್ಲಿಯ ಒಬ್ಬ ಪ್ರಾಧ್ಯಾಪಕರಿಗೆ ಯುದ್ಧಾಪರಾಧಗಳ ಬಗ್ಗೆ ಪುಸ್ತಕ ಬರೆಯಲು ಟಿಪ್ಪಣಿ ಹುಡುಕಿಕೊಡುವ ಕೆಲಸ ಮಾಡಿದ್ದರು. ಇಂಥ ಓದು ಇದ್ದವನನ್ನು ಸೈನ್ಯ ಏನು ಮಾಡಿತು? ಸಾಮಾನ್ಯ ಸಿಪಾಯಿಯಾಗಿ ಸೇರಿಸಿಕೊಂಡು ವಿಮಾನ ಹೊಡೆಯುವ ತೋಪಿನ ದಂಡಿಗೆ ಹಾಕಿತು. ಆಳು ಐದಡಿಗಿಂತ ತುಸು ಎತ್ತರ ಅಷ್ಟೆ. ನಾರ್ಮಂಡಿಯ ತೀರದಿಂದ ಜರ್ಮನಿಯ ಒಳಗಿನವರೆಗೂ ಆ ದಂಡಿನೊಡನೆ ನಡೆದರು. ಯುದ್ಧ ಮುಗಿಯುವ ಹೊತ್ತಿಗೆ ಯಾರೋ ಮೇಲಿನವರಿಗೆ ಇವರ ಓದಿನ ನೆನಪಾಗಿ, ಯುದ್ಧಾಪರಾಧಗಳನ್ನು ತನಿಖೆ ಮಾಡುವ ವಿಭಾಗಕ್ಕೆ ವರ್ಗವಾಯಿತು.

ಹೀಗಾಗಿ ೧೯೪೫ರಲ್ಲಿ ಬುಖೆನ್‌ವಾಲ್ಡ್, ಮೌತ್‌ಹೌಸನ್ ಮುಂತಾದ ಬಂದೀಖಾನೆಗಳ ಬಾಗಿಲು ತೆರೆದಾಗ ಒಳಗೆ ಹೋದವರಲ್ಲಿ ಈ ಚಿಕ್ಕ ಸಾರ್ಜಂಟರೂ ಒಬ್ಬರು. ಹೆಣ ಯಾವುದು, ಜೀವವಿರುವ ಮನುಷ್ಯ ಯಾವನು ಎಂದು ತಿಳಿಯದ ಹಾಗಿತ್ತೆಂದು ಅವರು ಸಾಯುವವರೆಗೂ ಹೇಳುತ್ತಿದ್ದರು. ಅಂಥ ಸ್ಥಳದಲ್ಲಿ ಅವರು ಮಾಡಿದ ಮೊದಲ ಕೆಲಸವನ್ನು ನಮ್ಮ ವ್ಯಾಪಾರಿ ಮಿತ್ರರು ಗಮನಿಸಬೇಕು. ನೇರವಾಗಿ ಬಂದೀಖಾನೆಯ ಕಚೇರಿಗೆ ಹೋಗಿ ರಿಜಿಸ್ಟರುಗಳನ್ನು ವಶಪಡಿಸಿಕೊಂಡರು. ಯಾರು ಯಾವತ್ತು ಬಂದರು, ಯಾವತ್ತು ಸತ್ತರು, ಕಾವಲಿಗೆ ಯಾರಿದ್ದರು ಎಂಬುದೆಲ್ಲ ಅವುಗಳಲ್ಲಿತ್ತು. ಕೊಲೆಗಡುಕರೂ ಲೆಕ್ಕ ಇಡುತ್ತಾರೆ, ಮೇಲಿನವರಿಗೆ ತೋರಿಸಬೇಕಲ್ಲ!

ಆ ಬಂದೀಖಾನೆಗಳಿಗೆ ಮೊದಲು ಹೋದವರು ಯಾರೆಂಬುದನ್ನು ಇಲ್ಲಿ ಮರೆಯಬಾರದು. ೧೯೩೩ರ ಫೆಬ್ರವರಿ ೨೦ರಂದು ಜರ್ಮನಿಯ ದೊಡ್ಡ ಉದ್ಯಮಪತಿಗಳು ಹಿಟ್ಲರನನ್ನು ಕಂಡು, ಅವನ ಚುನಾವಣೆಗೆಂದು ೩೦ ಲಕ್ಷ ಮಾರ್ಕಿನ ನಿಧಿಗೆ ಒಪ್ಪಿದರು. ಉಕ್ಕಿನ ಕ್ರುಪ್ ಅಲ್ಲಿದ್ದರು. ಬಣ್ಣ ಮತ್ತು ರಾಸಾಯನಿಕಗಳ ಐ. ಜಿ. ಫಾರ್ಬೆನ್ ಕಂಪನಿಯೊಂದೇ ೪ ಲಕ್ಷ ಕೊಟ್ಟಿತು. ಮಾರ್ಚಿನಲ್ಲಿ ಡಾಖೌ ಬಂದೀಖಾನೆ ತೆರೆಯಿತು. ಒಳಗೆ ಕಮ್ಯುನಿಸ್ಟರು, ಸೋಷಲಿಸ್ಟರು. ಮೇ ೨ರಂದು ದೇಶದ ಎಲ್ಲ ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿ ಬೀಗ ಹಾಕಿದರು. ಜೂನಿನಲ್ಲಿ ಸೋಷಲ್ ಡೆಮೋಕ್ರಾಟ್ ಪಕ್ಷಕ್ಕೇ ಬಹಿಷ್ಕಾರ. ಚಂದಾ ಕೊಟ್ಟವರಿಗೆ ನಾಲ್ಕು ತಿಂಗಳಲ್ಲಿ ಸಂಘವೂ ಇಲ್ಲ, ಮುಷ್ಕರವೂ ಇಲ್ಲದ ದೇಶ ಸಿಕ್ಕಿತು.

ಸೈನ್ಯ ಬಿಟ್ಟು ಮನೆಗೆ ಹೋದ ಫೆರೆಂಜರು ೧೯೪೬ರಲ್ಲಿ ಮತ್ತೆ ಜರ್ಮನಿಗೆ ಬಂದರು. ನ್ಯೂರೆಂಬರ್ಗ್ ನಗರದಲ್ಲಿ ನಾಜಿ ಮುಖಂಡರ ದೊಡ್ಡ ವಿಚಾರಣೆ ಮುಗಿದ ಮೇಲೆ, ಟೆಲ್‌ಫರ್ಡ್ ಟೇಲರ್ ಎಂಬವರ ನೇತೃತ್ವದಲ್ಲಿ ಇನ್ನೂ ಹನ್ನೆರಡು ಖಟ್ಲೆಗಳು ನಡೆದುವು. ಅದಕ್ಕೆ ಪುರಾವೆ ಹುಡುಕಲು ಬರ್ಲಿನ್ನಿನಲ್ಲಿ ಒಂದು ಕಚೇರಿ. ಅದರ ಮುಖ್ಯಸ್ಥರು ಇವರು. ಬಾಂಬು ಬಿದ್ದು ಸುಟ್ಟ ಸರಕಾರಿ ಕಟ್ಟಡಗಳಲ್ಲಿ ಕಡತ ಹುಡುಕುತ್ತಿದ್ದ ಇವರ ಸಹಾಯಕರೊಬ್ಬರ ಕೈಗೆ ಒಂದು ದಿನ ಕೆಲವು ಕಡತಗಳು ಸಿಕ್ಕಿದುವು. ಜರ್ಮನ್ ಸೈನ್ಯ ರಷ್ಯದೊಳಗೆ ನುಗ್ಗಿದಾಗ ಅದರ ಬೆನ್ನ ಹಿಂದೆ ವಿಶೇಷ ಕೊಲೆದಳಗಳು ಹೋಗಿದ್ದುವು. ಊರೂರಿನ ಯಹೂದಿಗಳನ್ನೂ ಜಿಪ್ಸಿಗಳನ್ನೂ ಕಮ್ಯುನಿಸ್ಟ್ ಅಧಿಕಾರಿಗಳನ್ನೂ ಹೆಂಗಸರು ಮಕ್ಕಳೆನ್ನದೆ ಹಳ್ಳದ ಅಂಚಿಗೆ ನಿಲ್ಲಿಸಿ ಗುಂಡು ಹಾಕುವುದೇ ಅವುಗಳ ಕೆಲಸ. ಯಾವ ಊರು, ಯಾವ ದಿನ, ಎಷ್ಟು ಮಂದಿ ಎಂದು ಅವು ಬರ್ಲಿನ್ನಿಗೆ ಕಳುಹಿಸಿದ ವರದಿಗಳು ಅವು.

ಫೆರೆಂಜರು ಒಂದು ಸಣ್ಣ ಕೂಡುವ ಯಂತ್ರವನ್ನು ಮುಂದಿಟ್ಟುಕೊಂಡು, ದಿನಸಿ ಅಂಗಡಿಯವರು ರಾತ್ರಿ ಕೀರ್ದಿ ಕೂಡಿಸುವಂತೆ, ವರದಿಯ ಅಂಕಿಗಳನ್ನು ಒಂದೊಂದಾಗಿ ಕೂಡಿಸುತ್ತ ಹೋದರು. ಮೊತ್ತ ಹತ್ತು ಲಕ್ಷ ದಾಟಿತು. ಅಲ್ಲಿಗೆ ಯಂತ್ರ ನಿಲ್ಲಿಸಿ, ಕಡತಗಳನ್ನು ಎತ್ತಿಕೊಂಡು ಟೇಲರರ ಬಳಿಗೆ ವಿಮಾನದಲ್ಲಿ ಹೋದರು. ಹೊಸ ಖಟ್ಲೆಗೆ ವಕೀಲರೂ ಇಲ್ಲ, ಹಣವೂ ಇಲ್ಲ ಎಂದು ಉತ್ತರ ಬಂತು. ಹಾಗಾದರೆ ಈಗಿನ ಕೆಲಸದ ಜೊತೆಗೆ ಅದನ್ನೂ ನಾನೇ ಮಾಡುತ್ತೇನೆ ಎಂದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಅದಕ್ಕೆ ಮುಂಚೆ ಒಂದು ಖಟ್ಲೆಯನ್ನೂ ನಡೆಸಿದವರಲ್ಲ!

ಆ ದಳಗಳಲ್ಲಿ ಸುಮಾರು ಮೂರು ಸಾವಿರ ಜನರಿದ್ದರು. ಆರೋಪಪಟ್ಟಿಯಲ್ಲಿ ಹೆಸರು ಬಂದದ್ದು ೨೪ ಮಂದಿಯದು. ಯಾಕೆ ಇಪ್ಪತ್ತನಾಲ್ಕೇ ಎಂದು ಕೇಳಿದವರಿಗೆ ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ ಉತ್ತರವೆಂದರೆ, ಆರೋಪಿಗಳ ಕಟಕಟೆಯಲ್ಲಿ ಇದ್ದ ಕುರ್ಚಿಗಳು ಅಷ್ಟೇ ಎಂಬುದು. ಈ ಉತ್ತರ ನಮಗೆ ಬಹಳ ಹಿಡಿಸಿದೆ. ನ್ಯಾಯ ಪೂರ್ತಿ ದೊರೆಯಿತೆಂದು ಅವರು ಎಂದೂ ಕೊಚ್ಚಿಕೊಳ್ಳಲಿಲ್ಲ.

೧೯೪೭ರ ಸಪ್ಟಂಬರಿನಲ್ಲಿ ವಿಚಾರಣೆ ಪ್ರಾರಂಭವಾಯಿತು. ಎರಡೇ ದಿನಗಳಲ್ಲಿ ಸರಕಾರಿ ಪಕ್ಷದ ವಾದ ಮುಗಿಯಿತು. ಒಬ್ಬ ಸಾಕ್ಷಿಯನ್ನೂ ಕರೆಯಲಿಲ್ಲ. ಆರೋಪಿಗಳ ಸ್ವಂತ ವರದಿಗಳನ್ನೇ ಒಂದೊಂದಾಗಿ ಮುಂದಿಟ್ಟರು. ತಮ್ಮ ಕಾಗದ ತಮ್ಮ ಕೊರಳಿಗೇ ಬಿದ್ದ ಮೇಲೆ ಆರೋಪಿಗಳು ತಿಂಗಳುಗಟ್ಟಲೆ ನೆಪ ಹೇಳಿದರು. ಕಟಕಟೆಯಲ್ಲಿದ್ದವರು ರೌಡಿಗಳಲ್ಲ, ಅನಕ್ಷರಸ್ಥರಲ್ಲ. ಎರಡೆರಡು ಡಾಕ್ಟರೇಟ್ ಪಡೆದವನಿದ್ದ, ವಕೀಲರಿದ್ದರು, ಪಾದ್ರಿಯಾಗಿದ್ದವನಿದ್ದ, ಸಂಗೀತ ನಾಟಕಗಳಲ್ಲಿ ಹಾಡುತ್ತಿದ್ದವನಿದ್ದ. ಮುಖ್ಯ ಆರೋಪಿ ಓಟೋ ಓಲೆನ್‌ಡಾರ್ಫ್ ಅರ್ಥಶಾಸ್ತ್ರ ಓದಿದವನು, ಐದು ಮಕ್ಕಳ ತಂದೆ. ತನ್ನ ದಳ ೯೦ ಸಾವಿರ ಮಂದಿಯನ್ನು ಕೊಂದಿತೆಂದು ತಾನೇ ಒಪ್ಪಿಕೊಂಡಿದ್ದವನು. ಓದು ಮನುಷ್ಯನನ್ನು ತಾನಾಗಿಯೇ ಒಳ್ಳೆಯವನನ್ನಾಗಿ ಮಾಡುತ್ತದೆ ಎಂದು ಹಿಂದೆ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದ ನಮಗೆ ಈ ಪಟ್ಟಿಯನ್ನು ಮೊದಲ ಸಲ ಓದಿದಾಗ ಮುಖ ಸಣ್ಣದಾಯಿತು.

ನ್ಯಾಯಾಧೀಶ ಮುಸ್ಮಾನೊ ಅವರ ವಿಷಯವೂ ಒಂದು ಮಾತು. ಗಣಿ ಕೆಲಸಗಾರನ ಮಗ. ಅಮೆರಿಕದಲ್ಲಿ ೧೯೨೭ರಲ್ಲಿ ಮರಣದಂಡನೆಗೆ ಗುರಿಯಾದ ಇಟಲಿಯ ಕೂಲಿಕಾರರಾದ ಸಾಕೋ ಮತ್ತು ವಾಂಜೆಟ್ಟಿ ಅವರನ್ನು ಉಳಿಸಲು ಹೋರಾಡಿದ ವಕೀಲರಲ್ಲಿ ಒಬ್ಬರು. ಅದೇ ಮನುಷ್ಯ ೧೯೫೦ರ ಸುಮಾರಿಗೆ ತಮ್ಮ ಊರಿನ ಕಮ್ಯುನಿಸ್ಟರನ್ನು ಜೈಲಿಗೆ ಹಾಕಿಸಲು ಮುಂದಾದರು. ಮನುಷ್ಯರು ಹೀಗೂ ಇರುತ್ತಾರೆ.

೧೯೪೮ರ ಏಪ್ರಿಲಿನಲ್ಲಿ ತೀರ್ಪು ಬಂತು. ಒಬ್ಬ ಆತ್ಮಹತ್ಯೆ ಮಾಡಿಕೊಂಡಿದ್ದ, ಒಬ್ಬನನ್ನು ಕಾಯಿಲೆಯ ಕಾರಣ ಬಿಟ್ಟಿದ್ದರು; ಉಳಿದ ೨೨ ಮಂದಿಯೂ ಅಪರಾಧಿಗಳೆಂದಾಯಿತು. ಅವರಲ್ಲಿ ೧೪ ಮಂದಿಗೆ ಮರಣದಂಡನೆ. ಫೆರೆಂಜರು ಮರಣದಂಡನೆಯನ್ನು ಕೇಳಿರಲಿಲ್ಲ. ಹತ್ತು ಲಕ್ಷ ಜೀವಕ್ಕೆ ಇಪ್ಪತ್ತೆರಡು ತಲೆ ಯಾವ ತಕ್ಕಡಿಯಲ್ಲೂ ಸರಿದೂಗುವುದಿಲ್ಲ, ಆದುದರಿಂದ ಯಾವ ಕುಲದವನಾದರೂ ಯಾವ ಮತದವನಾದರೂ ಮನುಷ್ಯನಿಗೆ ನೆಮ್ಮದಿಯಾಗಿ ಬದುಕುವ ಹಕ್ಕಿದೆಯೆಂದು ಕೋರ್ಟು ಸಾರಿ ಹೇಳಲಿ ಎಂಬುದಷ್ಟೇ ಅವರ ಬೇಡಿಕೆ. ತೀರ್ಪಾದ ಮೇಲೆ ಓಲೆನ್‌ಡಾರ್ಫನನ್ನು ಕೆಳಗಿನ ಕೋಣೆಯಲ್ಲಿ ಕಂಡು, ನನ್ನಿಂದ ಏನಾದರೂ ಆಗಬೇಕೇ ಎಂದು ವಿಚಾರಿಸಿದರಂತೆ. ಅವನಲ್ಲಿ ಪಶ್ಚಾತ್ತಾಪದ ಸುಳಿವೇ ಇರಲಿಲ್ಲ.

ಇನ್ನು ಕೇಳಿ. ಆ ೧೪ ಮಂದಿಯಲ್ಲಿ ನಿಜವಾಗಿ ಗಲ್ಲಿಗೇರಿದವರು ನಾಲ್ಕೇ ಮಂದಿ, ೧೯೫೧ರ ಜೂನ್ ೭ರಂದು. ರಷ್ಯದ ವಿರುದ್ಧ ಜರ್ಮನಿಯನ್ನು ತಮ್ಮ ಕಡೆಗೆ ಎಳೆದುಕೊಳ್ಳುವ ಆತುರದಲ್ಲಿದ್ದ ಅಮೆರಿಕದ ಅಧಿಕಾರಿಗಳಿಗೆ ಕೊಲೆಗಾರರ ಶಿಕ್ಷೆ ಭಾರವಾಗಿ ಕಂಡಿತು. ಅವರ ಮುಖ್ಯಾಧಿಕಾರಿ ಮೆಕ್‌ಕ್ಲಾಯ್ ಎಂಬವರು ಶಿಕ್ಷೆಗಳನ್ನು ಕಡಿಮೆ ಮಾಡಿದರು. ೧೯೫೮ರ ಹೊತ್ತಿಗೆ ಈ ಖಟ್ಲೆಯ ಒಬ್ಬ ಕೈದಿಯೂ ಜೈಲಿನಲ್ಲಿ ಉಳಿಯಲಿಲ್ಲ. ಕಾರಖಾನೆಯ ಧಣಿಗಳದು ಇನ್ನೂ ಸಲೀಸು. ಹನ್ನೆರಡು ವರ್ಷದ ಜೈಲೂ ಆಸ್ತಿ ಜಪ್ತಿಯೂ ಆಗಿದ್ದ ಆಲ್ಫ್ರೀಡ್ ಕ್ರುಪ್ ೧೯೫೧ರ ಫೆಬ್ರವರಿಯಲ್ಲಿ ಹೊರಗೆ ಬಂದ. ಆಸ್ತಿಯೂ ಹಿಂದಕ್ಕೆ ಬಂತು. ಏಳು ವರ್ಷದ ಶಿಕ್ಷೆಯಾಗಿದ್ದ ಉಕ್ಕು ಕಲ್ಲಿದ್ದಲಿನ ದೊರೆ ಫ್ರೀಡ್ರಿಕ್ ಫ್ಲಿಕ್ ೧೯೫೦ರಲ್ಲೇ ಮನೆ ಸೇರಿದ್ದ.

ನ್ಯೂರೆಂಬರ್ಗಿನ ಕಥೆ ಎಲ್ಲರೂ ಹೇಳುವಂಥದು. ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ಹೆಚ್ಚಿನದು, ಆಮೇಲೆ ಅವರು ಮಾಡಿದ ಪಗಾರದ ಕೆಲಸ. ಊರಿಗೆ ಮರಳಿ ಹಣ ಗಳಿಸುವ ವಕೀಲಿ ಹಿಡಿಯಬಹುದಾಗಿತ್ತು. ಅದನ್ನು ಬಿಟ್ಟು ೧೯೫೬ರವರೆಗೆ ಜರ್ಮನಿಯಲ್ಲೇ ಉಳಿದು, ನೊಂದವರಿಗೆ ಅವರ ಮನೆಮಾರು, ಆಸ್ತಿ, ಪರಿಹಾರ ಕೊಡಿಸುವ ಯಹೂದಿ ಸಂಸ್ಥೆಗಳ ಕೆಲಸಕ್ಕೆ ನಿಂತರು. ಆ ಕೆಲಸದಲ್ಲೇ ಅವರಿಗೆ ಎದುರಾದದ್ದು ಜೀತದಾಳುಗಳ ಪ್ರಶ್ನೆ.

ಆಷ್‌ವಿಟ್ಜ್ ಬಂದೀಖಾನೆಯ ಪಕ್ಕದಲ್ಲಿ ಐ. ಜಿ. ಫಾರ್ಬೆನ್ ಕಂಪನಿ ಕೃತಕ ರಬ್ಬರಿನ ಕಾರಖಾನೆ ಕಟ್ಟಿಸಿತು. ಕಟ್ಟಿದವರು ಕೈದಿಗಳು. ಅವರ ದುಡಿಮೆಗೆ ಕಂಪನಿ ಹಣ ಕೊಡುತ್ತಿತ್ತು: ಕಸಬು ಬಲ್ಲವನಿಗೆ ದಿನಕ್ಕೆ ೪ ಮಾರ್ಕು, ಬರಿಯ ಕೂಲಿಗೆ ೩ ಮಾರ್ಕು. ಕೊಟ್ಟದ್ದು ಕೈದಿಗಲ್ಲ, ಅವನನ್ನು ಹಿಡಿದಿಟ್ಟಿದ್ದ ನಾಜಿ ಪಡೆಗೆ! ದುಡಿದವನಿಗೆ ಒಂದು ಕಾಸೂ ಇಲ್ಲ. ನೀರುಗಂಜಿ ಕುಡಿದು ಕೆಲವು ತಿಂಗಳಲ್ಲಿ ಸೋತು ಬಿದ್ದರೆ ವಿಷದ ಗಾಳಿಯ ಕೋಣೆ. ಹಳೆಯ ಕಾಲದ ಜೀತದ ಒಡೆಯನಿಗಾದರೂ ತನ್ನ ಆಳು ಸಾಯದಿರಲಿ ಎಂಬ ಲಾಭದ ಎಣಿಕೆಯಿತ್ತು, ಇವರಿಗೆ ಅದೂ ಇರಲಿಲ್ಲ, ಆದ್ದರಿಂದ ಈ ಮಂದಿ ಗುಲಾಮರಿಗಿಂತಲೂ ಕಡೆ ಎಂದು ಫೆರೆಂಜರು ಕಂಡರು. ೧೯೭೯ರಲ್ಲಿ ಅವರು ಈ ಹೋರಾಟದ ಬಗ್ಗೆ ಬರೆದ ಪುಸ್ತಕಕ್ಕೆ ಹೆಸರಿಟ್ಟದ್ದೂ ಈ ಅರ್ಥದಲ್ಲೇ.

ಮೊದಲ ಕಲ್ಲು ಕಿತ್ತವರು ನಾರ್ಬರ್ಟ್ ವೋಲ್‌ಹೈಮ್ ಎಂಬ ದುಡಿಮೆಗಾರರು. ಅವರ ಹೆಂಡತಿಯನ್ನೂ ಮೂರು ವರ್ಷದ ಮಗನನ್ನೂ ಆಷ್‌ವಿಟ್ಜಿನಲ್ಲಿ ಕೊಂದಿದ್ದರು. ಅವರನ್ನು ಆ ರಬ್ಬರ್ ಕಾರಖಾನೆಯಲ್ಲಿ ದುಡಿಸಿದ್ದರು. ೧೯೫೧ರಲ್ಲಿ ಅವರು ಕಂಪನಿಯ ಮೇಲೆ ಜರ್ಮನ್ ಕೋರ್ಟಿನಲ್ಲೇ ಫಿರ್ಯಾದು ಹಾಕಿದರು. ೧೯೫೩ರಲ್ಲಿ ಫ್ರಾಂಕ್‌ಫರ್ಟಿನ ಕೋರ್ಟು ೧೦ ಸಾವಿರ ಮಾರ್ಕು ಕೊಡಬೇಕೆಂದು ತೀರ್ಪಿತ್ತಿತು. ಕಂಪನಿ ಬೆಚ್ಚಿತು. ಒಬ್ಬನಿಗೆ ಕೊಟ್ಟರೆ ಸಾವಿರಾರು ಮಂದಿ ಬಾಗಿಲಿಗೆ ಬರುತ್ತಾರಲ್ಲ! ಮೇಲಿನ ಕೋರ್ಟಿಗೂ ಹೋಯಿತು, ಮಾತುಕತೆಗೂ ಕುಳಿತಿತು. ೧೯೫೭ರಲ್ಲಿ ೩ ಕೋಟಿ ಮಾರ್ಕಿಗೆ ರಾಜಿಯಾಯಿತು. ಒಬ್ಬೊಬ್ಬರ ಪಾಲಿಗೆ ಬಂದದ್ದು ಹೆಚ್ಚೆಂದರೆ ೫ ಸಾವಿರ ಮಾರ್ಕು.

ಮುಂದೆ ಕ್ರುಪ್, ವಿದ್ಯುತ್ ಯಂತ್ರಗಳ ಎ. ಇ. ಜಿ., ಸೀಮೆನ್ಸ್, ತೋಪುಗಳ ರೈನ್‌ಮೆಟಾಲ್ ಹೀಗೆ ಒಂದೊಂದೇ ಕಂಪನಿಯ ಬಾಗಿಲು ತಟ್ಟಬೇಕಾಯಿತು. ಧಣಿಗಳ ವಕೀಲರು ಹೂಡಿದ ವಾದಗಳನ್ನು ನಮ್ಮ ಕಾಮಗಾರ ಬಂಧುಗಳು ಓದಿದರೆ ಹೊಸತೆನಿಸದು. ಆಳುಗಳನ್ನು ಕಳುಹಿಸಿದ್ದು ಸರಕಾರ, ನಾವು ಅದರ ಏಜೆಂಟರು ಮಾತ್ರ ಎಂದರು. ನೀನು ನಮ್ಮಲ್ಲೇ ದುಡಿದೆ ಎಂಬುದಕ್ಕೆ ಕಾಗದ ಎಲ್ಲಿದೆ ಎಂದರು. ಬಂದೀಖಾನೆಯಿಂದ ಬದುಕಿ ಬಂದವನು ಯಾವ ಕಾಗದ ತರಬೇಕು? ೧೯೫೩ರ ಲಂಡನ್ ಸಾಲದ ಒಪ್ಪಂದವನ್ನು ತೋರಿಸಿ, ಶಾಂತಿ ಒಪ್ಪಂದವಾಗುವವರೆಗೆ ಇಂಥ ದಾವೆಗೆ ಕಾಲ ಬಂದಿಲ್ಲವೆಂದು ಹೇಳಿಸಿಕೊಂಡರು. ಇನ್ನು ಕೆಲವು ದಾವೆಗಳಲ್ಲಿ ಕಾಲ ಮೀರಿಹೋಯಿತೆಂದರು. ಕಾಲ ಬಂದಿಲ್ಲ ಎಂಬುದಕ್ಕೂ ಕಾಲ ಮೀರಿತು ಎಂಬುದಕ್ಕೂ ನಡುವೆ ಬಡವನ ದಾವೆಗೆ ಒಂದು ದಿನವಾದರೂ ಇರಲಿಲ್ಲ. ಹಣ ಕೊಟ್ಟವರೂ, ಇದು ದಯೆಯಿಂದ ಕೊಟ್ಟದ್ದು, ಕಾಯದೆಯ ಋಣವನ್ನು ಒಪ್ಪಿಕೊಂಡಂತಲ್ಲ ಎಂದು ಬರೆಸಿಕೊಂಡೇ ಕೊಟ್ಟರು. ಕ್ರುಪ್ ೧೯೫೯ರಲ್ಲಿ ಒಪ್ಪಿಕೊಂಡ ಹಣದ ಮೇಲಿನ ಮಿತಿ ಒಂದು ಕೋಟಿ ಮಾರ್ಕು. ಎಣಿಸಿದ್ದಕ್ಕಿಂತ ಹೆಚ್ಚು ಮಂದಿ ಅರ್ಜಿ ಹಾಕಿದ್ದರಿಂದ ಪಾಲು ಇನ್ನೂ ಕಿರಿದಾಯಿತು. ಫ್ಲಿಕ್ ಮಾತ್ರ ಒಂದು ಮಾರ್ಕನ್ನೂ ಬಿಚ್ಚಲಿಲ್ಲ. ಜರ್ಮನಿಯ ಅತಿ ದೊಡ್ಡ ಶ್ರೀಮಂತರ ಸಾಲಿನಲ್ಲಿ ಕುಳಿತೇ ೧೯೭೨ರಲ್ಲಿ ಸತ್ತ. ಎಲ್ಲ ಕಂಪನಿಗಳ ರಾಜಿಗಳಿಂದ ಕೂಡಿ ಹಣ ಮುಟ್ಟಿದ್ದು ಸುಮಾರು ೧೫ ಸಾವಿರ ಮಂದಿಗೆ.

ಇಷ್ಟಕ್ಕೇ ಇಷ್ಟೊಂದು ಹೊಗಳಿಕೆಯೇ ಎಂದು ನಮ್ಮ ಕೆಲವು ಕಾರ್ಯಕರ್ತರು ಕೇಳುತ್ತಾರೆ. ಪ್ರಶ್ನೆ ಸರಿಯಾದುದೇ. ಕಾಯದೆಯೊಂದರಿಂದಲೇ ಯುದ್ಧವನ್ನೂ ಅನ್ಯಾಯವನ್ನೂ ನಿಲ್ಲಿಸಬಹುದೆಂಬ ಅವರ ನಂಬಿಕೆ ನಮ್ಮದಲ್ಲ. ಜೈಲಿನ ಬೀಗದ ಕೈ ಯಾರ ಬಳಿಯಿದೆ ಎಂಬುದರ ಮೇಲೆ ತೀರ್ಪಿನ ಬೆಲೆ ನಿಲ್ಲುತ್ತದೆಂಬುದನ್ನು ಮೆಕ್‌ಕ್ಲಾಯ್ ತೋರಿಸಿಕೊಟ್ಟರು. ೧೯೩೩ರಲ್ಲಿ ಜರ್ಮನಿಯ ಕಾರ್ಮಿಕ ಸಂಘಗಳೂ ಎರಡು ದೊಡ್ಡ ಕಾರ್ಮಿಕ ಪಕ್ಷಗಳೂ ತಮ್ಮತಮ್ಮೊಳಗೆ ಕಚ್ಚಾಡದೆ ಒಟ್ಟಿಗೆ ನಿಂತಿದ್ದರೆ ಈ ವಕೀಲರಿಗೆ ಕೂಡಿಸಲು ಅಂಕಿಗಳೇ ಇರುತ್ತಿರಲಿಲ್ಲವೇನೋ. ಆದರೆ ಸಂಘದ ಬಲವೊಂದೇ ಸಾಕು, ಕಾಗದಪತ್ರ ಕಾರಕೂನರ ಕೆಲಸ ಎಂಬ ಧೋರಣೆ ನಮ್ಮಲ್ಲಿ ಬೆಳೆದಿದೆಯಲ್ಲ, ಅದನ್ನೂ ನಾವು ಒಪ್ಪುವುದಿಲ್ಲ. ಗೇಟಿನ ಮುಂದೆ ಐನೂರು ಮಂದಿ ಘೋಷಣೆ ಕೂಗಿದ ಮೇಲೆ ಒಳಗೆ ಮೇಜಿನ ಮುಂದೆ ಕುಳಿತಾಗ ಹಾಜರಿ ಪುಸ್ತಕದ ಒಂದು ನಕಲಿಲ್ಲದೆ ನಾವು ಬಾಯಿ ಮುಚ್ಚಿಕೊಂಡು ಬಂದ ಪ್ರಸಂಗಗಳಿವೆ. ಜರ್ಮನಿಯಲ್ಲೂ ಕಥೆ ಆ ೧೫ ಸಾವಿರಕ್ಕೆ ನಿಲ್ಲಲಿಲ್ಲ. ಆ ದಾವೆಗಳ ಕಾಗದ ಉಳಿದಿತ್ತು, ಕೇಳುವವರು ಉಳಿದಿದ್ದರು. ಅಮೆರಿಕದ ಕೋರ್ಟುಗಳಲ್ಲಿ ಹೊಸ ದಾವೆಗಳು ಬಿದ್ದ ಮೇಲೆ ೨೦೦೦ದಲ್ಲಿ ಜರ್ಮನ್ ಸರಕಾರವೂ ಉದ್ಯಮಗಳೂ ಅರ್ಧರ್ಧ ಹಾಕಿ ೧೦೦೦ ಕೋಟಿ ಮಾರ್ಕಿನ ನಿಧಿ ಮಾಡಿದರು. ೨೦೦೭ರ ಹೊತ್ತಿಗೆ ೧೬ ಲಕ್ಷಕ್ಕೂ ಹೆಚ್ಚು ಮುದುಕರಿಗೂ ಮುದುಕಿಯರಿಗೂ ಅದರಿಂದ ಹಣ ಮುಟ್ಟಿತು. ದುಡಿದ ಅರವತ್ತು ವರ್ಷದ ಮೇಲೆ! ಅಷ್ಟರಲ್ಲಿ ಸತ್ತವರೆಷ್ಟೋ.

ಅಮೆರಿಕದ ತಪ್ಪುಗಳಿಗೆ ಅವರು ಕಣ್ಣು ಮುಚ್ಚಿದವರೂ ಅಲ್ಲ. ವಿಯಟ್ನಾಂ ಯುದ್ಧದ ಕಾಲದಲ್ಲಿ, ೧೯೭೦ರ ಸುಮಾರಿಗೆ, ಚೆನ್ನಾಗಿ ನಡೆಯುತ್ತಿದ್ದ ವಕೀಲಿಯನ್ನು ಹಿಂದೆ ಸರಿಸಿ, ದಂಡೆತ್ತಿ ಹೋಗುವುದೇ ಅಪರಾಧವೆಂದು ಜಗತ್ತಿನ ಕಾಯದೆಯಲ್ಲಿ ಬರೆಸುವ ಕೆಲಸಕ್ಕೆ ಇಳಿದರು. ಇರಾಕಿನ ಮೇಲೆ ೨೦೦೩ರಲ್ಲಿ ನಡೆದ ದಾಳಿಗಾಗಿ ತಮ್ಮ ಅಧ್ಯಕ್ಷರನ್ನೂ ಕಟಕಟೆಯಲ್ಲಿ ನಿಲ್ಲಿಸಬಹುದೆಂದು ಬಾಯಿಬಿಟ್ಟು ಹೇಳಿದರು. ೧೯೯೮ರಲ್ಲಿ ರೋಮ್ ನಗರದಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಒಪ್ಪಂದವಾಯಿತು. ೨೦೦೨ರ ಜುಲೈ ೧ರಿಂದ ಅದು ಜಾರಿಗೆ ಬಂತು. ಅದಕ್ಕೆ ಅಮೆರಿಕ ರುಜು ಹಾಕಲಿ ಎಂದು ೨೦೦೦ದ ಡಿಸೆಂಬರಿನಲ್ಲಿ ಅವರು ಪತ್ರಿಕೆಗೆ ಬರೆದಾಗ ಜೊತೆಗೆ ಹೆಸರು ಹಾಕಿದವರು ಯಾರು ಗೊತ್ತೆ? ವಿಯಟ್ನಾಂ ಯುದ್ಧದ ಕಾಲದ ರಕ್ಷಣಾ ಮಂತ್ರಿ ಮೆಕ್‌ನಮಾರ! ಅಮೆರಿಕ ರುಜು ಹಾಕಿತು. ಒಂದೂವರೆ ವರ್ಷದಲ್ಲೇ ಅದಕ್ಕೆ ತಾನು ಬದ್ಧನಲ್ಲ ಎಂದಿತು. ನಮ್ಮ ಭಾರತ ಸರಕಾರ ರುಜುವನ್ನೇ ಹಾಕಲಿಲ್ಲ. ೨೦೧೧ರ ಆಗಸ್ಟಿನಲ್ಲಿ, ಕಾಂಗೋ ದೇಶದಲ್ಲಿ ಮಕ್ಕಳ ಕೈಗೆ ಬಂದೂಕು ಕೊಟ್ಟ ಲುಬಾಂಗಾ ಎಂಬ ದಳಪತಿಯ ಮೇಲಿನ ಖಟ್ಲೆಯಲ್ಲಿ, ಆ ನ್ಯಾಯಾಲಯದ ಮೊದಲ ಖಟ್ಲೆಯಲ್ಲಿ, ಸರಕಾರಿ ಪಕ್ಷದ ಕೊನೆಯ ಮಾತುಗಳನ್ನಾಡಲು ಫೆರೆಂಜರನ್ನು ಕರೆದರು. ಆಗ ಅವರಿಗೆ ೯೧ ವರ್ಷ.

ಮನೆಯ ವಿಷಯ. ಗರ್ಟ್ರೂಡ್ ಎಂಬ ಹುಡುಗಿಯನ್ನು ಓದುವ ಕಾಲದಿಂದಲೇ ಮೆಚ್ಚಿ, ಯುದ್ಧ ಮುಗಿಯುವವರೆಗೆ ಕಾದು, ೧೯೪೬ರ ಮಾರ್ಚ್ ೩೧ರಂದು ಮದುವೆಯಾದರು. ಆ ವರ್ಷವೇ ಆಕೆ ಗಂಡನೊಡನೆ ಪಾಳುಬಿದ್ದ ಜರ್ಮನಿಯ ಹಾದಿ ಹಿಡಿದರು. ನಾಲ್ಕು ಮಕ್ಕಳಾದುವು. ಹೆಣಗಳ ಲೆಕ್ಕ ಕೂಡಿಸಿದ ಕೈಯಲ್ಲೇ ಆ ಮಕ್ಕಳನ್ನು ಎತ್ತಿ ಆಡಿಸಿದರು. ಎಪ್ಪತ್ತಕ್ಕೂ ಹೆಚ್ಚು ವರ್ಷದ ಸಂಸಾರದಲ್ಲಿ ಒಂದು ಜಗಳವೂ ಆಗಲಿಲ್ಲವೆಂದು ಅವರೇ ಹೇಳಿದ್ದಾರೆ. ಇದನ್ನು ನಂಬುವುದೂ ಬಿಡುವುದೂ ವಾಚಕರಿಗೆ ಸೇರಿದ್ದು, ನಮ್ಮ ಮನೆಯಲ್ಲಿ ಓದಿ ಹೇಳಿದಾಗ ಯಾರೂ ನಂಬಲಿಲ್ಲ. ಕೊನೆಯ ವರ್ಷಗಳಲ್ಲಿ ಕಾಯಿಲೆಯಾದ ಹೆಂಡತಿಯ ಆರೈಕೆಯನ್ನು ತೊಂಬತ್ತು ದಾಟಿದ ಗಂಡ ತಾನೇ ನೋಡಿಕೊಂಡರು. ೨೦೧೯ರಲ್ಲಿ ಆಕೆ ತೀರಿಕೊಂಡರು.

ಇದನ್ನು ನಾವು ಕೊನೆಗೆ ಇಟ್ಟದ್ದು ಚಿಕ್ಕ ವಿಷಯವೆಂದಲ್ಲ. ಪಕ್ಷದ ಕೆಲಸಕ್ಕಾಗಿ ಮನೆ ಬಿಟ್ಟೆ, ಮಗನ ಕಾಯಿಲೆಯನ್ನೂ ನೋಡಲಿಲ್ಲ ಎಂದು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವುದು ನಮ್ಮವರಿಗೆ ಒಂದು ಚಟವಾಗಿದೆ. ನಾವೂ ಹೇಳಿದ್ದುಂಟು. ಮಾಸ್ತರಿಕೆ ಬಿಟ್ಟ ವರ್ಷ ಮನೆಯಲ್ಲಿ ಒಲೆ ಹೇಗೆ ಉರಿಯಿತೆಂದು ನಮಗೆ ಗೊತ್ತಿರಲಿಲ್ಲ, ಉರಿಸಿದವರಿಗೆ ಗೊತ್ತಿತ್ತು. ಹತ್ತು ಲಕ್ಷ ಜನರ ಸಾವಿನ ಕಡತ ಹೊತ್ತವರಿಗೆ ಮನೆಗೆ ಹೊತ್ತು ಸಿಕ್ಕಿತು, ನಮಗೆ ಸಿಗುವುದಿಲ್ಲ ಎಂದರೆ ಕೇಳಿದವರು ನಗಬೇಕು.

ಆ ಹಿರಿಯರ ಮಾತಿಗೆ ಬರುತ್ತೇವೆ. ಮರುದಿನ ಅವರು ಮತ್ತೆ ಬಂದರು. ಮಗಳ ಮದುವೆಯ ಟ್ರಂಕಿನಲ್ಲಿ ಹುಡುಕಿದಾಗ ಸಿಕ್ಕಿತೆಂದು ಒಂದು ಪ್ಲಾಸ್ಟಿಕ್ ಚೀಲ ತಂದಿದ್ದರು. ಅದರಲ್ಲಿ ಗಿರಣಿಯ ಹೆಸರು ಅಚ್ಚಾದ ಹನ್ನೊಂದು ಪಗಾರ ಚೀಟಿಗಳು, ರಾತ್ರಿಪಾಳಿಯ ಒಂದು ಗೇಟ್ ಪಾಸು, ಯಂತ್ರಕ್ಕೆ ಬೆರಳು ಸಿಕ್ಕಾಗ ಗಿರಣಿಯ ಡಾಕ್ಟರರು ಬರೆದುಕೊಟ್ಟ ಚೀಟಿ ಇದ್ದುವು. ಗುತ್ತಿಗೆದಾರನ ಹೆಸರು ಯಾವುದರ ಮೇಲೂ ಇಲ್ಲ. ವಕೀಲರು ನೋಡಿ ನಕಲು ತೆಗೆಸಿದ್ದಾರೆ. ಆ ಗಿರಣಿಯಲ್ಲಿ ದುಡಿದ ಉಳಿದವರೂ ತಮ್ಮತಮ್ಮ ಮನೆಯ ಟ್ರಂಕು, ದೇವರ ಗೂಡು, ಅಡಿಗೆ ಮನೆಯ ಡಬ್ಬಿಗಳನ್ನು ಹುಡುಕಬೇಕು. ಹರಿದದ್ದಾದರೂ, ಇಲಿ ತಿಂದದ್ದಾದರೂ ಎಸೆಯಬಾರದು. ಗಿರಣಿಗೆ ಚಹ, ಬೀಡಿ, ದಿನಸಿ ಉದ್ರಿ ಕೊಡುತ್ತಿದ್ದ ಅಂಗಡಿಕಾರರು ತಮ್ಮ ಹಳೆಯ ಖಾತೆ ಪುಸ್ತಕಗಳಲ್ಲಿ ಯಾರ ಪಾಳಿ ಯಾವಾಗ, ಪಗಾರದ ದಿನ ಯಾರು ಬಾಕಿ ತೀರಿಸಿದರು ಎಂದು ಬರೆದಿದ್ದರೆ ಅದೂ ನಮಗೆ ಬೇಕು. ಬರುವ ಭಾನುವಾರ ಬೆಳಿಗ್ಗೆ ಹತ್ತರಿಂದ ಕಚೇರಿ ತೆರೆದಿರುತ್ತದೆ. ಮೂಲ ಕಾಗದವನ್ನು ಯಾರ ಕೈಗೂ ಕೊ‌ಡಬೇಡಿ, ನಮ್ಮ ಕೈಗೂ ಬೇಡ. ಎದುರಿಗೇ ನಕಲು ಮಾಡಿಸಿಕೊಂಡು ಹಿಂದಕ್ಕೆ ಒಯ್ಯಿರಿ.